ಕಂಡಿಕೆ ಕಂಡವರಿಗೆ ರೀಲು ಹೊಸದಲ್ಲ

ಕೊಯಮತ್ತೂರು, ತಿರುಪ್ಪೂರು ಎಂದರೆ ನಮಗೆ ನೆನಪಾಗುವುದು ಹತ್ತಿ, ಗಿರಣಿ, ಬನಿಯನ್ನು. ರಾಬರ್ಟ್ ಸ್ಟೇನ್ಸ್ 1888ರಲ್ಲಿ ಕೊಯಮತ್ತೂರಿನ ಮೊದಲ ನೂಲಿನ ಗಿರಣಿ ತೆರೆದ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಇಳಿದು ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಪೂರ್ವಕ್ಕೆ ತಿರುಪ್ಪೂರಿನ ಹೆಣಿಗೆ ಯಂತ್ರಗಳು, ಉತ್ತರಕ್ಕೆ ಭವಾನಿ ಹೊಳೆಯ ದಡದ ಸಿರುಮುಗೈಯಲ್ಲಿ ರೇಷ್ಮೆ ಸೀರೆಯ ಮಗ್ಗಗಳು. ಮನೆಮಾತು ಕನ್ನಡವೇ ಆಗಿರುವ ದೇವಾಂಗರು ಈ ಸೀಮೆಯಲ್ಲಿ ತಲೆಮಾರುಗಳಿಂದ ನೇಯುತ್ತ ಬಂದಿದ್ದಾರೆ. ನೂಲಿನ ಇಂಥ ನಾಡಿನಲ್ಲಿ ಮೀನಿನ ಗಾಳದ ಮಾತೇಕೆ ಎಂದರೆ, ಇವತ್ತು ಕೆರೆ ಏರಿಯ ಮೇಲೆ ಹುಡುಗರ ಕೈಯಲ್ಲಿ ಕಾಣುವ ಸ್ಪಿನ್ನಿಂಗ್ ರೀಲ್ ಹುಟ್ಟಿದ್ದೇ ಗಿರಣಿಯವನೊಬ್ಬನ ತಲೆಯಲ್ಲಿ.

ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಉಣ್ಣೆ ಗಿರಣಿಗಳ ಪಟ್ಟಣ. ಅಲ್ಲಿನ ಗಿರಣಿ ಮನೆತನದ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಒಂದು ರೀಲಿಗೆ ಪೇಟೆಂಟ್ ಪಡೆದ. ಅದಕ್ಕೆ ಮುಂಚಿನ ಸಾಮಾನ್ಯ ರೀಲುಗಳಲ್ಲಿ ದಾರ ಬಿಚ್ಚಿಕೊಳ್ಳಬೇಕಾದರೆ ದಾರ ಸುತ್ತಿದ ಉರುಳೆಯೇ ತಿರುಗಬೇಕಿತ್ತು. ಅದನ್ನು ತಿರುಗಿಸುವಷ್ಟು ಭಾರ ಗಾಳದ ತುದಿಯಲ್ಲಿ ಇರಬೇಕು; ಗಾಳ ನೀರಿಗೆ ಬಿದ್ದ ಮೇಲೂ ಉರುಳೆ ಸುತ್ತುತ್ತಲೇ ಇದ್ದರೆ ದಾರವೆಲ್ಲ ಗೋಜಲು. ಒಂದು ಎರೆಹುಳು, ಒಂದು ಬೆಂಡು ಕಟ್ಟಿ ದೂರ ಎಸೆಯುವ ಮಾತೇ ಇರಲಿಲ್ಲ. ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ 1884ರಲ್ಲೇ ಎಸೆಯುವಾಗ ಉರುಳೆಯನ್ನು ಅಡ್ಡಕ್ಕೆ ತಿರುಗಿಸಿಕೊಳ್ಳುವ ರೀಲು ಮಾಡಿದ್ದ. ಇಲ್ಲಿಂಗ್‌ವರ್ತ್ ಇನ್ನೂ ಮುಂದೆ ಹೋಗಿ ಉರುಳೆಯನ್ನು ನಿಲ್ಲಿಸಿಯೇ ಬಿಟ್ಟ. ಎಸೆದಾಗ ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಕೊಳ್ಳುತ್ತದೆ; ಎಳೆದುಕೊಳ್ಳುವಾಗ ಉರುಳೆಯ ಸುತ್ತ ಒಂದು ತೋಳು ತಿರುಗಿ ದಾರ ಸುತ್ತುತ್ತದೆ. ಗಿರಣಿಯ ಉರುಳೆಗಳನ್ನು ನೋಡಿಯೇ ಅವನಿಗೆ ಇದು ಹೊಳೆಯಿತು ಎನ್ನುತ್ತಾರೆ.

ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುವಾಗ ಒಳಗಿನ ಕಂಡಿಕೆ ತಿರುಗುವುದಿಲ್ಲ, ಹೊಕ್ಕಿನ ನೂಲು ಅದರ ಮೂತಿಯಿಂದ ಬಿಚ್ಚಿಕೊಂಡು ಬರುತ್ತದೆ. ತಿರುಪ್ಪೂರಿನಲ್ಲಿ ಹೆಣಿಗೆ ಯಂತ್ರಕ್ಕೆ ನೂಲುಣಿಸುವ ಕೋನು ಕೂಡ ಹಾಗೆಯೇ. ಕಂಡಿಕೆ ಸರಿಯಾಗಿ ಸುತ್ತದಿದ್ದರೆ ನೂಲು ಸಿಕ್ಕು ಬೀಳುವುದು, ಮೂತಿಯಲ್ಲಿ ಗೀರಿದ್ದರೆ ಎಳೆ ಕಡಿಯುವುದು, ಬಿಚ್ಚುವಾಗ ಸುತ್ತಿಗೊಂದು ಹುರಿ ಸೇರುವುದು, ಇವೆಲ್ಲ ರೀಲಿಗೂ ಇರುವ ಕಾಯಿಲೆಗಳೇ. ಅಗ್ಗದ ರೀಲನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಗೊತ್ತಿಲ್ಲ.

ರೇಷ್ಮೆ ದಾರದ ಕಾಲದಲ್ಲಿ ಇದು ಸಿರಿವಂತರ ಆಟವಾಗಿತ್ತು. ಡುಪಾಂಟ್ ಕಂಪನಿ 1938ರಲ್ಲಿ ನೈಲಾನ್ ಪ್ರಕಟಿಸಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂಟಿ ಎಳೆಯ ನೈಲಾನ್ ದಾರ, ಅಂದರೆ ತಂಗೂಸಿ, ಎಲ್ಲರ ಕೈಗೆ ಬಂತು. ರೀಲಿನ ನಿಜವಾದ ಅದೃಷ್ಟ ಖುಲಾಯಿಸಿದ್ದು ಆಗ. ಜಪಾನಿನ ಶಿಮಾನೋ ಸೈಕಲ್ಲಿನ ಫ್ರೀವೀಲ್ ಮಾಡುತ್ತ 1921ರಲ್ಲಿ ಶುರುವಾದ ಕಂಪನಿ. ಮೀನುಗಾರಿಕೆಯ ಸಲಕರಣೆಗೆ ಇಳಿದದ್ದು 1970ರಲ್ಲಿ. ಹಲ್ಲುಚಕ್ರ ಬಲ್ಲವರು ರೀಲಿಗೆ ಬರುವುದು ಸಹಜವೇ. ಪಂಪ್‌ಸೆಟ್ ಮತ್ತು ವೆಟ್ ಗ್ರೈಂಡರಿನ ಊರಾದ ಕೊಯಮತ್ತೂರು ಇದುವರೆಗೆ ರೀಲಿನಲ್ಲಿ ಹೆಸರು ಮಾಡಲಿಲ್ಲವಲ್ಲ ಎಂದು ನನಗೆ ಆಗಾಗ ಸೋಜಿಗವಾಗುತ್ತದೆ.

ಈಗ ಅಂಗಡಿಗೆ ಬರೋಣ. ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಗುವ ರೀಲುಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎರಡು ಸಂಗತಿ ಅಚ್ಚಾಗಿರುತ್ತವೆ: ಎಷ್ಟು ಬೇರಿಂಗು, ಎಷ್ಟು ಕಿಲೋ ಡ್ರ್ಯಾಗ್. ಎರಡನ್ನೂ ನಂಬಬೇಡಿ. ಹತ್ತು ಕಳಪೆ ಬೇರಿಂಗಿಗಿಂತ ಮೂರು ಒಳ್ಳೆಯವು ಮೇಲು. ಇನ್ನು ಡ್ರ್ಯಾಗ್ ಎಂದರೆ ಮೀನು ಜಗ್ಗಿದಾಗ ದಾರ ಕಡಿಯದ ಹಾಗೆ ಉರುಳೆ ಜಾರಿ ದಾರ ಬಿಟ್ಟುಕೊಡುವ ಬಿಗಿತ. ಕೆರೆಯ ಜಿಲೇಬಿ ಮೀನಿಗೆ, ಒಂದೆರಡು ಕಿಲೋದ ರೋಹುವಿಗೆ ಎಂಟು ಪೌಂಡಿನ ತಂಗೂಸಿ ಧಾರಾಳ. ಅದು ಕಡಿಯುವುದೇ ಸುಮಾರು ಮೂರೂವರೆ ಕಿಲೋ ಎಳೆತಕ್ಕೆ. ಅಂದಮೇಲೆ ಡಬ್ಬಿಯ ಮೇಲಿನ ಎಂಟು ಕಿಲೋ ಡ್ರ್ಯಾಗ್ ಯಾರಿಗೆ ಬೇಕು? ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಇಡುವುದು ವಾಡಿಕೆ, ಎಂದರೆ ಹೆಚ್ಚುಕಡಿಮೆ ಒಂದು ಕಿಲೋ. ಆ ಸಣ್ಣ ಬಿಗಿತದಲ್ಲಿ ಉರುಳೆ ನಯವಾಗಿ ಜಾರುತ್ತದೆಯೇ ಎಂಬುದೊಂದೇ ಪ್ರಶ್ನೆ.

ಪರೀಕ್ಷೆಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ದಾರದ ತುದಿಗೆ ತುಂಬಿದ ಬಾಟಲಿ ಕಟ್ಟಿ, ರೀಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ. ಮುಂದಿನ ತಿರುಪನ್ನು ಚೂರು ಚೂರೇ ಸಡಿಲಿಸುತ್ತ ಬಂದರೆ ಒಂದು ಹಂತದಲ್ಲಿ ಬಾಟಲಿ ತಾನಾಗಿ ಕೆಳಗಿಳಿಯತೊಡಗುತ್ತದೆ. ಒಳ್ಳೆಯ ರೀಲಿನಲ್ಲಿ ಅದು ಬಾವಿಗೆ ಬಿಂದಿಗೆ ಬಿಟ್ಟಂತೆ ಒಂದೇ ಸಮನೆ ಇಳಿಯುತ್ತದೆ. ಕೆಟ್ಟದ್ದರಲ್ಲಿ ಮೊದಲು ಅಂಟಿಕೊಂಡು ನಿಲ್ಲುತ್ತದೆ, ಆಮೇಲೆ ದಡಕ್ಕನೆ ಒಂದು ಗೇಣು ಜಾರುತ್ತದೆ, ಮತ್ತೆ ನಿಲ್ಲುತ್ತದೆ. ಒಳಗಿನ ಉಣ್ಣೆಬಟ್ಟೆಯ ವಾಷರುಗಳು ಒಣಗಿದ್ದರೋ ಒರಟಾಗಿದ್ದರೋ ಹೀಗಾಗುತ್ತದೆ. ದಾರ ಕಡಿಯುವುದು ಆ ಅಂಟಿಕೊಂಡ ಕ್ಷಣದಲ್ಲೇ. ತಿರುಪು ಹಿಂಬದಿಯಲ್ಲಿರುವ ರೀಲುಗಳಲ್ಲಿ ವಾಷರುಗಳು ಸಾಮಾನ್ಯವಾಗಿ ಚಿಕ್ಕವು, ಆದ್ದರಿಂದ ಈ ಬೆಲೆಯಲ್ಲಿ ನನ್ನ ಓಟು ಮುಂದಿನ ಡ್ರ್ಯಾಗಿಗೆ.

ಎರಡನೆಯದು ಉರುಳೆಯ ಅಂಚು. ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಅಂಚಿನ ಸುತ್ತ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲೊಂದು ಗೀರಿದೆ ಎಂದರ್ಥ. ಪ್ರತಿ ಎಸೆತಕ್ಕೂ ಅದು ದಾರವನ್ನು ಕೆರೆಯುತ್ತದೆ. ದಾರಕ್ಕೆ ದಾರಿ ತೋರುವ ಪುಟ್ಟ ಗಾಲಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ಎಷ್ಟೋ ಅಗ್ಗದ ರೀಲುಗಳಲ್ಲಿ ಅದು ತಿರುಗುವುದೇ ಇಲ್ಲ, ದಾರ ಅದರ ಮೇಲೆ ಉಜ್ಜಿಕೊಂಡೇ ಹೋಗುತ್ತದೆ. ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದಾಗ ಒಳಗಿನಿಂದ ಕರಕರ ಸದ್ದು ಬಂದರೆ ಆ ರೀಲು ಬೇಡ. ಹಿಡಿಕೆ ಕೊಂಚ ಅಲ್ಲಾಡಿದರೆ ಪರವಾಗಿಲ್ಲ, ಈ ಬೆಲೆಗೆ ಅಷ್ಟು ಸಹಿಸಬೇಕು.

ಹುರಿಯ ಕಾಟ ಮಾತ್ರ ರೀಲಿಗಿಂತ ಹಿಡಿದವರ ಕೈಯಲ್ಲಿದೆ. ಹಿಡಿಕೆಯ ಒಂದು ಸುತ್ತಿಗೆ ತೋಳು ಐದು ಸುತ್ತು ತಿರುಗುವ ರೀಲಿದು ಎನ್ನಿ. ಮೀನು ದಾರ ಎಳೆದೋಡುತ್ತಿರುವಾಗ, ಡ್ರ್ಯಾಗ್ ಜಾರುತ್ತಿರುವಾಗಲೇ, ಹೊಸಬರು ಗಾಬರಿಯಿಂದ ಹಿಡಿಕೆ ತಿರುಗಿಸುತ್ತಲೇ ಇರುತ್ತಾರೆ. ದಾರ ಒಳಗೆ ಬರುವುದಿಲ್ಲ. ಪ್ರತಿ ಸುತ್ತಿಗೆ ಐದು ಹುರಿ ಮಾತ್ರ ಏರುತ್ತವೆ. ಮರುದಿನ ಉರುಳೆಯಿಂದ ಗುಂಗುರು ಗುಂಗುರಾಗಿ ದಾರ ಉದುರಿದರೆ ಬೈಗುಳ ರೀಲಿಗೆ! ಮೀನು ಓಡುವಾಗ ತಿರುಗಿಸಬೇಡಿ. ಎಸೆದ ಮೇಲೆ ತಂತಿಯ ಕಮಾನನ್ನು ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ. ಉರುಳೆಯಲ್ಲಿ ದಾರ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿರುವಷ್ಟು ಮಾತ್ರ ತುಂಬಿಸಿ.

ಇನ್ನು ನೀರಿನ ಮಾತು. ಮೊಜಾಂಬಿಕ್ ತಿಲಾಪಿಯಾ, ನಮ್ಮಲ್ಲೂ ತಮಿಳರಲ್ಲೂ ಜಿಲೇಬಿ ಎನಿಸಿಕೊಂಡ ಮೀನು, ಭಾರತಕ್ಕೆ ಬಂದದ್ದು 1952ರಲ್ಲಿ. ಈಗ ಅದಿಲ್ಲದ ಕೆರೆ ಹುಡುಕಬೇಕು. ಹಗುರ ರೀಲಿಗೆ ಹೇಳಿಮಾಡಿಸಿದ ಮೀನು: ಎರೆಹುಳು, ಮೈದಾ ಉಂಡೆ ಯಾವುದಾದರೂ ಸೈ. ಜೊಂಡಿನ ನಡುವೆ ಅಡಗುವ ದೊಡ್ಡ ಕೊರವನಿಗೆ, ಅಂದರೆ ತಮಿಳಿನ ವಿರಾಲ್ ಮೀನಿಗೆ, ಈ ರೀಲು ಹೊಂದುವುದಿಲ್ಲ. ಅದಕ್ಕೆ ಹೆಣೆದ ದಾರ, ಗಟ್ಟಿ ಕೋಲು ಬೇಕು.

ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಉಕ್ಕಡಂ, ಸಿಂಗಾನಲ್ಲೂರು, ಸೂಲೂರಿನ ಕೆರೆಗಳ ಸಾಲಿಗೆ ನೀರುಣಿಸಿ ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. ನಗರದ ಕೊಳಚೆ ಈ ಕೆರೆಗಳನ್ನು ಬಿಟ್ಟಿಲ್ಲ. ತಿರುಪ್ಪೂರಿನ ಬಣ್ಣದ ನೀರು ಒರತ್ತುಪ್ಪಾಳಯಂ ಅಣೆಕಟ್ಟಿನಲ್ಲಿ ತುಂಬಿ ರೈತರ ಬಾವಿಗಳು ಕೆಟ್ಟ ಕಥೆ ಎಲ್ಲರಿಗೂ ಗೊತ್ತು. 2011ರಲ್ಲಿ ಮದರಾಸು ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನೇ ಮುಚ್ಚಿಸಬೇಕಾಯಿತು. ನಗರದ ಕೆಳಗಿನ ನೀರಿನಲ್ಲಿ ಗಾಳ ಹಾಕಿದರೂ ಆ ಮೀನನ್ನು ತಿನ್ನಲು ನಾನಂತೂ ಹೇಳಲಾರೆ.

ಉಡುಮಲೈ ಬಳಿಯ ಅಮರಾವತಿ ಜಲಾಶಯ ಜಿಲೇಬಿಗೆ ಹೆಸರಾದದ್ದು. ಅಷ್ಟೇ ಹೆಸರು ಅಲ್ಲಿನ ಮೊಸಳೆಗಳಿಗೂ ಇದೆ. ಸುತ್ತಲಿನದು ಆನೈಮಲೈ ಹುಲಿ ಮೀಸಲು ಅರಣ್ಯ. ಅಲ್ಲಿನ ದಡದಲ್ಲಿ ಗಾಳ ಹಿಡಿದು ಕೂರುವ ಯೋಚನೆಯನ್ನೇ ಬಿಡಿ. ತಿರುಪ್ಪೂರಿನ ನಂಜರಾಯನ್ ಕೆರೆ ಪಕ್ಷಿಧಾಮ, 2024ರಿಂದ ರಾಮ್ಸಾರ್ ತಾಣ. ಅದಕ್ಕೂ ದೂರದ ನಮಸ್ಕಾರ. ಉಳಿದ ಕೆರೆಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳದೆ ಗಾಳ ಇಳಿಸುವುದು ಕಳ್ಳತನವೇ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: 2000 ಅಥವಾ 2500 ಅಳತೆಯ ರೀಲು, ಮುಂದಿನ ಡ್ರ್ಯಾಗ್, ಐದರ ಆಸುಪಾಸಿನ ಹಲ್ಲುಚಕ್ರದ ಅನುಪಾತ, ತೂಕ ಮುನ್ನೂರು ಗ್ರಾಂ ಒಳಗೆ. ಎರಡು ಸಾವಿರ ಕೈಯಲ್ಲಿದ್ದರೆ ಸಾವಿರದೈನೂರು ರೀಲಿಗೆ ಕೊಟ್ಟು ಮಿಕ್ಕದ್ದರಲ್ಲಿ ಒಳ್ಳೆಯ ದಾರ ತನ್ನಿ. ಡಬ್ಬಿಯ ಜೊತೆ ಪುಕ್ಕಟೆ ಬರುವ ದಾರವನ್ನು ಬಳಸಲೇಬೇಡಿ. ಬಳಸಿ ಮುಗಿದ ತಂಗೂಸಿಯನ್ನು ದಡದಲ್ಲಿ ಬಿಡದೆ ಮನೆಗೆ ತನ್ನಿ, ಬೆಳ್ಳಕ್ಕಿಗಳ ಕಾಲು ಸಿಕ್ಕಿಬೀಳುವುದು ಅದರಲ್ಲೇ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ರೀಲನ್ನು ಒರೆಸಿ, ದಾರದ ಗಾಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಡ್ರ್ಯಾಗ್ ತಿರುಪನ್ನು ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿಯೇ ಇಟ್ಟರೆ ವಾಷರುಗಳು ಅಮುಕಿಕೊಂಡು ಡ್ರ್ಯಾಗ್ ನಯ ಕಳೆದುಕೊಳ್ಳುತ್ತದೆ.