ಗರ್ಭಿಣಿಯರ ಎದೆಯುರಿಯೂ ನಮ್ಮ ಕಾಫಿ-ಅಡಿಕೆಯೂ

ನಮ್ಮ ಸಂಘದ ಮಳಿಗೆಯಲ್ಲಿ ರಸಗೊಬ್ಬರ, ಮೈಲುತುತ್ತ, ಸುಣ್ಣಗಳ ಜೊತೆಗೆ ಸದಸ್ಯರ ಅನುಕೂಲಕ್ಕೆಂದು ಒಂದಿಷ್ಟು ದಿನಸಿಯನ್ನೂ ಇಟ್ಟಿರುವುದು ಎಲ್ಲರಿಗೂ ತಿಳಿದದ್ದೇ. ಈ ಸಲ ದಾಸ್ತಾನು ತಾಳೆ ನೋಡುವಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ನೀರಿಗೆ ಹಾಕಿದೊಡನೆ ನೊರೆಯುಕ್ಕುವ 'ಗ್ಯಾಸಿನ ಪುಡಿ'ಯ ಪೊಟ್ಟಣಗಳು ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಬೇರೆ ದಿನಗಳಿಗಿಂತ ಬಹಳ ಹೆಚ್ಚು ಖರ್ಚಾಗಿದ್ದವು. ಏಕೆಂದು ಗುಮಾಸ್ತರನ್ನು ಕೇಳಿದೆ. "ಸುಲಿಯೋಕೆ ಬರೋ ಹೆಂಗಸರು ತಗೊಂಡು ಹೋಗ್ತಾರೆ ಸಾರ್. ಅದರಲ್ಲೂ ಬಸುರಿ ಹೆಣ್ಣುಮಕ್ಕಳಿದ್ದರೆ ದಿನಕ್ಕೆರಡು ಬೇಕೇ ಬೇಕು" ಎಂದರು.

ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕಗಳ ನಡುವೆ ಈ ಪತ್ರಿಕೆಯಲ್ಲಿ ಬಸುರಿಯರ ಅಜೀರ್ಣದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಯ ಸೊಸೆಯಂದಿರೂ ಹೆಣ್ಣುಮಕ್ಕಳೂ ನಮ್ಮ ತೋಟದಲ್ಲಿ ದುಡಿಯುವವರೂ ಈ ಕಷ್ಟವನ್ನು ಪಡುತ್ತಿದ್ದಾರೆ. ಅದಕ್ಕೆ ನಾವು ಮಾಡುವ ಮನೆಮದ್ದಿನಲ್ಲಿ ಕೆಲವು ಕಾಯಿಲೆಗಿಂತ ಕೆಟ್ಟವು. ನಾನು ವೈದ್ಯನಲ್ಲ. ಆಸ್ಪತ್ರೆಯವರನ್ನು ಕೇಳಿ, ಓದಿ ತಿಳಿದುದನ್ನಷ್ಟೇ ಬರೆಯುತ್ತಿದ್ದೇನೆ.

ಮೊದಲು ಈ ಉರಿ ಏಕೆ ಬರುತ್ತದೆ ಎಂಬುದು. ನಾವು ನುಂಗಿದ ಆಹಾರ ಅನ್ನನಾಳದಲ್ಲಿ ಇಳಿದು ಜಠರಕ್ಕೆ ಸೇರುವ ಜಾಗದಲ್ಲಿ ಉಂಗುರದಂತಹ ಒಂದು ಸ್ನಾಯುವಿದೆ. ಪಂಪ್‌ಸೆಟ್ಟಿನ ನಾನ್-ರಿಟರ್ನ್ ವಾಲ್ವಿನಂತೆ ಅದು ಆಹಾರವನ್ನು ಒಳಗೆ ಬಿಡುತ್ತದೆ, ಹಿಂದಕ್ಕೆ ಬರಗೊಡುವುದಿಲ್ಲ. ಗರ್ಭ ನಿಂತ ಮೇಲೆ ದೇಹದಲ್ಲಿ ಪ್ರೊಜೆಸ್ಟರಾನ್ ಎಂಬ ರಸ ಹೆಚ್ಚುತ್ತದೆ. ಗರ್ಭಕೋಶ ಬಿಗಿಯದೆ ಸಡಿಲವಾಗಿರಲೆಂದು ಪ್ರಕೃತಿ ಮಾಡಿರುವ ಏರ್ಪಾಡು ಅದು. ಆದರೆ ಅದೇ ರಸ ಈ ವಾಲ್ವನ್ನೂ ಸಡಿಲಿಸುತ್ತದೆ, ಕರುಳಿನ ಚಲನೆಯನ್ನೂ ನಿಧಾನಿಸುತ್ತದೆ. ಉಂಡದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಜಠರದ ಹುಳಿ ಮೇಲಕ್ಕೆ ನುಗ್ಗುತ್ತದೆ. ಏಳನೆಯ ತಿಂಗಳು ಕಳೆದ ಮೇಲೆ ಬೆಳೆದ ಗರ್ಭಕೋಶ ಕೆಳಗಿನಿಂದ ಜಠರವನ್ನು ಒತ್ತತೊಡಗಿ ತೊಂದರೆ ಇಮ್ಮಡಿಸುತ್ತದೆ. ಹತ್ತು ಮಂದಿ ಬಸುರಿಯರಲ್ಲಿ ನಾಲ್ಕರಿಂದ ಎಂಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬರುವುದುಂಟು. ಹೆರಿಗೆಯಾದೊಡನೆ ಬಹುಪಾಲು ಮಂದಿಗೆ ತಾನೇ ತಾನಾಗಿ ಹೋಗುತ್ತದೆ. ಮಗುವಿಗೆ ಇದರಿಂದ ಕೇಡಿಲ್ಲ.

ಎದೆಯುರಿ ಹೆಚ್ಚಾದರೆ ಮಗುವಿಗೆ ತಲೆಗೂದಲು ಹೆಚ್ಚು ಎಂಬ ಅಜ್ಜಿಯರ ಮಾತನ್ನು ನಾನು ನಗೆಚಾಟಿಕೆ ಎಂದೇ ತಿಳಿದಿದ್ದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದು ಸುಳ್ಳೆಂದು ತೋರಿಸುವ ಯೋಚನೆಯಿಂದಲೇ 64 ಮಂದಿ ಗರ್ಭಿಣಿಯರನ್ನು ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಅವರಿಗೆ ಸಿಕ್ಕಿದ್ದು ಅಜ್ಜಿಯರ ಪರವಾದ ಫಲ! ವಾಲ್ವನ್ನು ಸಡಿಲಿಸುವ ರಸಗಳೇ ಕೂದಲಿನ ಬೆಳವಣಿಗೆಗೂ ಕಾರಣವಿರಬಹುದೆಂದು ಅವರ ಊಹೆ. 64 ಮಂದಿ ಬಹಳ ಸಣ್ಣ ಲೆಕ್ಕವಾದ್ದರಿಂದ ಇದರ ಮೇಲೆ ಯಾರೂ ಪಂಥ ಕಟ್ಟುವುದು ಬೇಡ.

ಇನ್ನು ಆ ಗ್ಯಾಸಿನ ಪುಡಿ. ಅದರಲ್ಲಿರುವುದು ಮುಖ್ಯವಾಗಿ ಅಡಿಗೆ ಸೋಡಾ, ಜೊತೆಗೆ ನಿಂಬೆಹುಳಿಯ ಉಪ್ಪು. ಹುಳಿಯನ್ನು ಅದು ಕ್ಷಣದಲ್ಲಿ ಕೊಲ್ಲುತ್ತದೆ, ತೇಗು ಬರುತ್ತದೆ, ಹಾಯೆನಿಸುತ್ತದೆ. ಆದರೆ ಸೋಡಾದಲ್ಲಿರುವ ಸೋಡಿಯಂ ದೇಹದಲ್ಲಿ ನೀರು ನಿಲ್ಲಿಸುತ್ತದೆ. ಮೊದಲೇ ಕಾಲು ಊದಿಕೊಂಡಿರುವ, ರಕ್ತದ ಒತ್ತಡ ಏರುವ ಸಂಭವವಿರುವ ಬಸುರಿಗೆ ಇದು ಒಳ್ಳೆಯದಲ್ಲ. ಪದೇ ಪದೇ ಕುಡಿದರೆ ರಕ್ತದ ಕ್ಷಾರಾಂಶವೂ ಏರುಪೇರಾಗುತ್ತದೆ. ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಾಗ ನಾನೇ ರಾತ್ರಿ ಎದ್ದು ಇದನ್ನು ಕಲಸಿ ಕೊಟ್ಟಿದ್ದೆ. ಮರುವಾರ ಮನೆಗೆ ಬಂದ ಆರೋಗ್ಯ ಸಹಾಯಕಿ ಖಾಲಿ ಪೊಟ್ಟಣಗಳನ್ನು ನೋಡಿ, "ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ ಸಾರ್?" ಎಂದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಔಷಧಿಯೇ ಬೇಕೆನ್ನುವಷ್ಟು ಉರಿಯಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಚೀಪುವ ಮಾತ್ರೆ ಅಥವಾ ಬಿಳಿಯ ದ್ರವಗಳಿವೆ. ಅವುಗಳಲ್ಲಿ ಬಸುರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರು ಹೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹುಳಿ ಸುರಿಯುವುದನ್ನೇ ತಗ್ಗಿಸುವ ಮಾತ್ರೆಗಳನ್ನೂ ಬರೆದುಕೊಡುತ್ತಾರೆ. ಅಂಗಡಿಯವನು ಕೊಟ್ಟ ನೋವಿನ ಮಾತ್ರೆಯನ್ನು ಮಾತ್ರ ಖಂಡಿತ ನುಂಗಕೂಡದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದವು ಹೊಟ್ಟೆಯನ್ನೂ ಸುಡುತ್ತವೆ, ಐದು ತಿಂಗಳಾದ ಮೇಲೆ ಮಗುವಿನ ಮೂತ್ರಪಿಂಡಕ್ಕೂ ಕೆಡುಕು ಮಾಡಬಲ್ಲವು.

ಆದರೆ ಸೋಡಾಕ್ಕಿಂತ ದೊಡ್ಡ ನಷ್ಟವೊಂದು ಸದ್ದಿಲ್ಲದೆ ನಡೆಯುತ್ತಿದೆ. ಸರ್ಕಾರದಿಂದ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರಷ್ಟೆ. ದಿನಕ್ಕೊಂದರಂತೆ 180 ದಿನ, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಈ ಮಾತ್ರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಉರಿ ಹೆಚ್ಚಿಸುತ್ತದೆ, ಮಲ ಕಪ್ಪಾಗುತ್ತದೆ. "ಮಾತ್ರೆ ಉಷ್ಣ" ಎಂದು ಅತ್ತೆಯೋ ನೆರೆಯವರೋ ಹೇಳಿದರೆ ಸಾಕು, ಉಳಿದ ಮಾತ್ರೆಗಳೆಲ್ಲ ದೇವರ ಗೂಡಿನಲ್ಲಿ ಭದ್ರವಾಗಿ ಕುಳಿತಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತ ಕಡಿಮೆ. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಪ್ರಾಣಕ್ಕೆ ಬರುತ್ತದೆ. ಎದೆಯುರಿಗೆ ಹೆದರಿ ಬಿಟ್ಟ ಮಾತ್ರೆಯ ಬೆಲೆ ಅಲ್ಲಿ ತೆರಬೇಕಾಗುತ್ತದೆ.

ಬಿಡುವ ಬದಲು ತೆಗೆದುಕೊಳ್ಳುವ ಕ್ರಮ ಬದಲಿಸಬಹುದು. ಬರಿಹೊಟ್ಟೆಯಲ್ಲಿ ಆಗದಿದ್ದರೆ ಊಟವಾಗಿ ಒಂದೆರಡು ಗಂಟೆ ಬಿಟ್ಟು, ಒಂದು ತುಂಬು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ನುಂಗಿ ಕೂಡಲೇ ಹಾಸಿಗೆಗೆ ಬಿದ್ದರೆ ಮಾತ್ರೆ ಅನ್ನನಾಳದಲ್ಲೇ ಕರಗಿ ಸುಡುತ್ತದೆ. ಹಾಲಿನೊಡನೆ, ಕ್ಯಾಲ್ಸಿಯಂ ಮಾತ್ರೆಯೊಡನೆ, ಉರಿಯ ಔಷಧಿಯೊಡನೆ ಸೇರಿಸಿ ತೆಗೆದುಕೊಂಡರೆ ಕಬ್ಬಿಣ ದೇಹಕ್ಕೆ ಹತ್ತುವುದಿಲ್ಲ, ಎರಡು ಗಂಟೆಯ ಅಂತರವಿರಲಿ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಅಷ್ಟಾಗಿಯೂ ತಡೆಯಲಾಗದಿದ್ದರೆ ಬೇರೆ ಮಾತ್ರೆಗಳೂ ಇವೆ, ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದೂ ಇದೆ.

ಈಗ ಬೆಳೆಗಾರನಾಗಿ ನನಗೆ ಹೇಳಲು ಕಷ್ಟವಾದ ಮಾತು. ಕಾಫಿ ಜಠರದ ಹುಳಿಯನ್ನು ಹೆಚ್ಚಿಸುತ್ತದೆ, ವಾಲ್ವನ್ನು ಸಡಿಲಿಸುವುದೂ ಉಂಟು. ಅದರಲ್ಲಿನ ಕೆಫೀನ್ ಬಸುರಿಗೆ ದಿನಕ್ಕೆ 200 ಮಿಲಿಗ್ರಾಂ ಮೀರಬಾರದೆಂದು ಹಲವು ದೇಶಗಳ ವೈದ್ಯರು ಮಿತಿ ಹಾಕಿದ್ದಾರೆ. ನಮ್ಮ ಲೆಕ್ಕಕ್ಕೆ ತಿರುಗಿಸಿ ನೋಡೋಣ. ಅರೇಬಿಕಾದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2, ರೋಬಸ್ಟಾದಲ್ಲಿ 2.2. ಹತ್ತು ಗ್ರಾಂ ಶುದ್ಧ ರೋಬಸ್ಟಾ ಪುಡಿಯಲ್ಲೇ 220 ಮಿಲಿಗ್ರಾಂ ಆಯಿತು. ಅಷ್ಟೂ ಡಿಕಾಕ್ಷನ್‌ಗೆ ಇಳಿಯುವುದಿಲ್ಲವೆಂದರೂ, ಮನೆಯಲ್ಲಿ ಹುರಿದು ಪುಡಿ ಮಾಡಿದ ಗಟ್ಟಿ ಕಾಫಿಯನ್ನು ದಿನಕ್ಕೆ ನಾಲ್ಕೈದು ಲೋಟ ಹೀರುವ ತೋಟದ ಮನೆಗಳಲ್ಲಿ ಮಿತಿ ದಾಟುವುದು ಸುಲಭ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಚಿಕೋರಿ ಬೆರೆಸಿದವರನ್ನು ಬೈಯುತ್ತಲೇ ಬಂದ ನಾನು, ಬಸುರಿಯ ಲೋಟದ ಮಟ್ಟಿಗೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಣ್ಣ ಲೋಟದಲ್ಲಿ ತೆಳುವಾಗಿ, ತಿಂಡಿಯಾದ ಮೇಲೆ ಕುಡಿಯಲಿ. ಚಹಾ ಕುಡಿದರೆ ಅದರ ಕೆಫೀನೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಕುಡಿಯುವ ಹೊತ್ತೂ ಮುಖ್ಯ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಆಹಾರದ ಕಬ್ಬಿಣ ಹೀರಿಕೆಯನ್ನು ನೂರಕ್ಕೆ 39ರಷ್ಟು ತಗ್ಗಿಸಿತು, ಚಹಾ 64ರಷ್ಟು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ತೊಂದರೆಯಿರಲಿಲ್ಲ. ಊಟವಾದ ಒಂದು ಗಂಟೆಗೆ ಕುಡಿದರೆ ಊಟದೊಡನೆ ಕುಡಿದಷ್ಟೇ ನಷ್ಟ. ಕಬ್ಬಿಣದ ಮಾತ್ರೆಯನ್ನು ಕಾಫಿಯಲ್ಲೇ ನುಂಗುವವರನ್ನು ನಾನು ಕಂಡಿದ್ದೇನೆ. ಮಾತ್ರೆ ನುಂಗಿದ ಎರಡು ಗಂಟೆ ಕಾಫಿ, ಚಹಾ ಎರಡೂ ಬೇಡ.

ಅಡಿಕೆಯ ಮಾತು ಇನ್ನೂ ಕಷ್ಟ. ಊಟವಾದ ಮೇಲೆ ಎಲೆ-ಅಡಿಕೆ ಹಾಕಿದರೆ ಜೀರ್ಣಕ್ಕೆ ಒಳ್ಳೆಯದೆಂಬ ನಂಬಿಕೆಯಲ್ಲಿ ಬೆಳೆದವರು ನಾವು. ಬಾಯಲ್ಲಿ ಜೊಲ್ಲು ಸುರಿದು, ಸುಣ್ಣದ ಕ್ಷಾರ ಸೇರಿ ಒಂದು ಗಳಿಗೆ ಹಾಯೆನಿಸಲೂಬಹುದು. ಆದರೆ ಅಡಿಕೆಯಲ್ಲಿರುವ ಅರೆಕೊಲಿನ್ ತಾಯಿಯ ರಕ್ತದಿಂದ ಮಗುವಿಗೆ ದಾಟುತ್ತದೆ. ಅಡಿಕೆ ಜಗಿಯುವ ರೂಢಿ ಬಹಳವಿರುವ ತೈವಾನ್, ಪಪುವಾ ನ್ಯೂಗಿನಿಗಳಲ್ಲಿ ನಡೆದ ಅಧ್ಯಯನಗಳಲ್ಲಿ ಜಗಿಯುವ ತಾಯಂದಿರ ಮಕ್ಕಳ ತೂಕ ಕಡಿಮೆಯಿದ್ದುದು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯ ಮೇಲೆ ಹೊರಿಸಿರುವ ಆರೋಪದ ಬಗ್ಗೆ ನಮ್ಮ ಸಂಘಗಳಲ್ಲಿ ಬಿಸಿ ಚರ್ಚೆ ನಡೆಯುತ್ತದೆ, ನಡೆಯಲಿ. ಅದರ ತೀರ್ಮಾನಕ್ಕೆ ಕಾದು ಕೂರುವಷ್ಟು ಪುರುಸೊತ್ತು ಒಂಬತ್ತು ತಿಂಗಳ ಬಸುರಿಗೆ ಇಲ್ಲ. ಸೀಮಂತದಲ್ಲಿ ತಾಂಬೂಲ ಕೊಡೋಣ, ಮಡಿಲು ತುಂಬೋಣ. ಜಗಿಯುವುದನ್ನು ಬಿಡಲಿ. ಹೊಗೆಸೊಪ್ಪು ಸೇರಿಸುವವರ ಸಂಗತಿಯಂತೂ ಹೇಳುವುದೇ ಬೇಡ.

ಹೊಗೆಸೊಪ್ಪಿನ ಮಾತು ಬಂದುದರಿಂದ ಅರಕಲಗೂಡು, ಹೊಳೆನರಸೀಪುರ ಕಡೆಯ ಸದಸ್ಯರಿಗೆ ಇನ್ನೊಂದು ಸೂಚನೆ. ರಾಮನಾಥಪುರದ ಹರಾಜಿಗೆ ಹೋಗುವ ಸೊಪ್ಪನ್ನು ಮಳೆಯಲ್ಲೋ ಮಂಜಿನಲ್ಲೋ ಹಸಿಯಾಗಿ ಮುರಿಯುವಾಗ, ಕಡ್ಡಿಗೆ ಕಟ್ಟುವಾಗ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಆ ದಿನ ಬರುವ ವಾಕರಿಕೆ, ತಲೆಸುತ್ತು, ವಾಂತಿಯನ್ನು ಬಸುರಿನ ಅಜೀರ್ಣವೆಂದು ತಿಳಿಯುವವರಿದ್ದಾರೆ. ಅದು ಸೊಪ್ಪಿನ ವಿಷ. ಬಸುರಿಯರನ್ನು ಆ ಕೆಲಸಕ್ಕೆ ಕರೆಯಲೇಬಾರದು.

ಊಟದ ವಿಚಾರ ಸರಳ. ಇದು ತಿನ್ನಬಾರದು, ಅದು ತಿನ್ನಬಾರದು ಎಂದು ಬಸುರಿಯ ತಟ್ಟೆ ಖಾಲಿ ಮಾಡುವುದು ತಪ್ಪು. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಕಾಳು ಎಲ್ಲವೂ ಬೇಕು, ಆದರೆ ಒಂದೇ ಸಲಕ್ಕೆ ಅಲ್ಲ. ದೊಡ್ಡ ಮುದ್ದೆಯನ್ನು ಎರಡು ಹೊತ್ತಿಗೆ ಹಂಚಲಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಲಿ. ಖಾರದ ಹುರುಳಿ ಸಾರು ಒಬ್ಬಳಿಗೆ ಉರಿ ತಂದರೆ ಇನ್ನೊಬ್ಬಳಿಗೆ ತರುವುದಿಲ್ಲ. ತನಗೆ ಆಗದ್ದನ್ನು ಆಕೆಯೇ ಗುರುತಿಸಿ ಬಿಡಬೇಕು. ಎಣ್ಣೆಯಲ್ಲಿ ಕರಿದದ್ದು ಮಾತ್ರ ಬಹುಮಂದಿಗೆ ಆಗುವುದಿಲ್ಲ. ಊಟದ ನಡುವೆ ಚೊಂಬುಗಟ್ಟಲೆ ನೀರು ಕುಡಿಯದೆ ನಡುನಡುವಿನ ಹೊತ್ತಿನಲ್ಲಿ ಕುಡಿಯಬೇಕು. ಜೀರಿಗೆ ಹಾಕಿದ ತೆಳು ಮಜ್ಜಿಗೆ ಹಿತ. ಬೂದಿ, ಇದ್ದಿಲು, ಮಣ್ಣು ತಿನ್ನಬೇಕೆನಿಸಿದರೆ ಅದು ಉರಿಯ ಮದ್ದಲ್ಲ. ರಕ್ತ ಕಡಿಮೆಯಾದವರಲ್ಲಿ ಕಾಣುವ ಆಸೆ ಅದು, ಪರೀಕ್ಷೆ ಮಾಡಿಸಬೇಕು.

ರಾತ್ರಿಯೂಟ ಮಲಗುವ ಎರಡು-ಮೂರು ಗಂಟೆ ಮುಂಚೆ ಆಗಿರಬೇಕು. ಸುಗ್ಗಿಯಲ್ಲಿ ಇದು ನಡೆಯುವುದಿಲ್ಲವೆಂಬುದು ನನಗೂ ಗೊತ್ತು. ಹಗಲೆಲ್ಲ ದುಡಿದು, ಒಂಬತ್ತಕ್ಕೆ ಉಂಡು, ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕುಳಿತು ಸುಲಿದು, ಹಾಗೇ ಒರಗುವ ಹೆಣ್ಣುಮಗಳಿಗೆ ಉರಿ ಬಾರದೆ ಇನ್ನೇನು? ತುಂಬಿದ ಹೊಟ್ಟೆಯಲ್ಲಿ ಬಗ್ಗಿದರೆ ಹುಳಿ ಗಂಟಲಿಗೇ ಬರುತ್ತದೆ. ಬಸುರಿಗೆ ನೆಲದ ಮೇಲಿನ ಕಾಫಿ ಆರಿಸುವ ಕೆಲಸದ ಬದಲು ಮಣೆಯ ಮೇಲೆ ನೆಟ್ಟಗೆ ಕುಳಿತು ಮಾಡುವ ಕೆಲಸ ಕೊಡಬಹುದು. ಹನ್ನೊಂದಕ್ಕೂ ಮೂರಕ್ಕೂ ಏನಾದರೂ ತಿನ್ನಲು ಹತ್ತು ನಿಮಿಷ ಬಿಡಬಹುದು. ನಮಗೆ ಆಗುವ ನಷ್ಟ ಎಷ್ಟು? ಮಲಗುವಾಗ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೆಂಟು ಅಂಗುಲ ಎತ್ತರಕ್ಕೆ ಇಟ್ಟಿಗೆಯಿಟ್ಟು, ಎಡಮಗ್ಗುಲಾಗಿ ಮಲಗಿದರೆ ಬಹಳ ಗುಣ ಕಾಣುತ್ತದೆ. ಬರೀ ದಿಂಬು ಪೇರಿಸಿದರೆ ಕತ್ತು ಬಾಗಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ.

ಎಲ್ಲ ಉರಿಯೂ ಎದೆಯುರಿಯಲ್ಲ ಎಂಬುದನ್ನು ಮನೆಯ ಗಂಡಸರು ಮುಖ್ಯವಾಗಿ ತಿಳಿದಿರಬೇಕು. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಎಂಟು ತಿಂಗಳ ಸೊಸೆಗೆ ಪಕ್ಕೆಲುಬಿನ ಕೆಳಗೆ ನೋವೆಂದರೆ ಗ್ಯಾಸೆಂದು ಎರಡು ದಿನ ಕಷಾಯ, ಸೋಡಾ ಕೊಡುತ್ತಾ ಕುಳಿತರು. ತಲೆನೋವೂ ಇತ್ತು, ಕಣ್ಣು ಮಂಜಾಗುತ್ತಿತ್ತು. ಅದು ಬಿಸಿಲಿನದ್ದೆಂದು ಬಿಟ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಒತ್ತಡ ವಿಪರೀತ ಏರಿತ್ತು. ಹಾಸನಕ್ಕೆ ಸಾಗಿಸಿ, ದಿನ ತುಂಬುವ ಮೊದಲೇ ಮಗುವನ್ನು ತೆಗೆಯಬೇಕಾಯಿತು. ತಾಯಿ ಮಗು ಉಳಿದರು. ಇನ್ನೊಂದು ರಾತ್ರಿ ಕಾದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಐದು ತಿಂಗಳು ಕಳೆದ ಬಸುರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಅದರಲ್ಲೂ ಬಲಪಕ್ಕೆಯ ಕೆಳಗೆ ನೋವು, ಬಿಡದ ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ರಕ್ತದ ಒತ್ತಡ ನೋಡಿಸಬೇಕು. 140/90 ಮುಟ್ಟಿತೆಂದರೆ ವೈದ್ಯರ ಕೈಗೆ ಒಪ್ಪಿಸಬೇಕು. ಕಾಫಿ ಚರಟದಂತಹ ಅಥವಾ ರಕ್ತದ ವಾಂತಿ, ಡಾಂಬರಿನಂತೆ ಅಂಟಾದ ಮಲ, ನುಂಗಲಾಗದಿರುವುದು, ಬೆವರಿನೊಡನೆ ಎದೆಯಿಂದ ಕೈಗೆ ಹರಿಯುವ ನೋವು ಇದ್ದರೂ ತಡ ಮಾಡದೆ 108ಕ್ಕೆ ಫೋನು ಮಾಡಿ. ಜೀಪು ಸಿಗಲಿ, ಬೆಳಗಾಗಲಿ ಎಂದು ಕಾಯುವುದು ಬೇಡ.

2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತಿದೆ. ಉರಿಯ ಸಂಗತಿ, ಮಾತ್ರೆ ಬಿಟ್ಟ ಸಂಗತಿ ಎರಡನ್ನೂ ನಾಚಿಕೆ ಬಿಟ್ಟು ಅಲ್ಲಿ ಹೇಳಬೇಕು, ತಾಯಿ ಕಾರ್ಡನ್ನು ಮರೆಯದೆ ಒಯ್ಯಬೇಕು. ಆ ದಿನ ನಮ್ಮ ತೋಟದ ಬಸುರಿಯರಿಗೆ ಕೂಲಿ ಕಡಿಯದೆ ರಜೆ ಕೊಡಬೇಕೆಂಬ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದೇನೆ. ಗ್ಯಾಸಿನ ಪುಡಿಯ ಡಬ್ಬವನ್ನು ಗುಮಾಸ್ತರು ಕೌಂಟರಿನ ಮುಂದಿನಿಂದ ತೆಗೆದು ಒಳಗಿಟ್ಟಿದ್ದಾರೆ. ಯಾರಿಗೆಂದು ಕೇಳಿಯೇ ಕೊಡುತ್ತಾರೆ. ಸದಸ್ಯರು ಬೇಸರಪಡಬಾರದು.