ಡಾರ್ಟ್ ನದಿಗೆ ಮರಳಿದ ಉಗಿಹಡಗು

ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಕೌಂಟಿಯಲ್ಲಿ ಡಾರ್ಟ್ ಎಂಬ ಪುಟ್ಟ ನದಿಯಿದೆ. ಟಾಟ್ನೆಸ್ ಪೇಟೆಯನ್ನು ದಾಟಿ, ಕಾಡುಗುಡ್ಡಗಳ ನಡುವೆ ಬಳುಕುತ್ತ ಸಾಗಿ, ಡಾರ್ಟ್‌ಮತ್ ಬಳಿ ಅದು ಕಡಲು ಸೇರುತ್ತದೆ. ಪತ್ತೇದಾರಿ ಕಾದಂಬರಿಗಳ ಆಗಾಥಾ ಕ್ರಿಸ್ಟಿಯ ಗ್ರೀನ್‌ವೇ ಮನೆ ಇರುವುದು ಇದೇ ದಡದಲ್ಲಿ. ಈ ನದಿಗೆಂದೇ 1924ರಲ್ಲಿ ಡಾರ್ಟ್‌ಮತ್‌ನ ಫಿಲಿಪ್ ಅಂಡ್ ಸನ್ ಕಾರ್ಖಾನೆ ಕಟ್ಟಿದ ಹಡಗು ‘ಕಿಂಗ್ಸ್‌ವೇರ್ ಕಾಸಲ್’.

ಹಡಗು ಹೊಸದಾದರೂ ಅದರ ಹೊಟ್ಟೆಯಲ್ಲಿದ್ದ ಯಂತ್ರ ಹಳೆಯದು. ಇದೇ ಹೆಸರಿನ ಮೊದಲ ಹಡಗಿಗಾಗಿ 1904ರಲ್ಲಿ ತಯಾರಾದ ಯಂತ್ರವದು. ಆ ಹಡಗಿನ ಆಯುಷ್ಯ ಮುಗಿದಾಗ ಕಂಪೆನಿಯವರು ಯಂತ್ರವನ್ನು ಮಾತ್ರ ಕಿತ್ತು ಹೊಸ ಒಡಲಿಗೆ ಜೋಡಿಸಿದರು. ಹಳೆಯ ಹಡಗಿನ ಅಸ್ಥಿಪಂಜರ ಟಾಟ್ನೆಸ್ ಸಮೀಪದ ಕೆಸರಿನಲ್ಲಿ ಉಳಿಯಿತು. ವ್ಯಾಪಾರಿಗಳ ಈ ಜಿಪುಣತನಕ್ಕೆ ಇಂದಿನ ಉಗಿಯಂತ್ರ ಪ್ರಿಯರು ಋಣಿಗಳು.

ಹಡಗಿನ ಎರಡೂ ಪಕ್ಕಗಳಲ್ಲಿ ಬಂಡಿಯ ಗಾಲಿಯಂಥ ಚಕ್ರಗಳು, ಅವುಗಳ ಅಂಚಿಗೆ ಹಲಗೆಗಳು. ಕಲ್ಲಿದ್ದಲಿನ ಬೆಂಕಿಯಿಂದ ಹುಟ್ಟಿದ ಉಗಿ ಮೊದಲು ಚಿಕ್ಕ ಸಿಲಿಂಡರಿನಲ್ಲಿ, ಬಳಿಕ ಉಳಿದ ಕಸುವಿನೊಡನೆ ದೊಡ್ಡ ಸಿಲಿಂಡರಿನಲ್ಲಿ ದುಡಿದು ಈ ಚಕ್ರಗಳನ್ನು ತಿರುಗಿಸುತ್ತದೆ. ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳಿದರೆ ಹಡಗು ಮುಂದಕ್ಕೆ. ಹಿಂಬದಿಯ ತಿರುಪು ರೆಕ್ಕೆಗೆ ಆಳದ ನೀರು ಬೇಕು, ಚಕ್ರಕ್ಕೆ ಬೇಡ. ಇಳಿತದ ಹೊತ್ತಿನಲ್ಲಿ ಕೆಸರೇ ಕಾಣುವ ಡಾರ್ಟ್‌ನ ಮೇಲ್ಭಾಗಕ್ಕೆ ಇದು ಹೇಳಿಮಾಡಿಸಿದ ಏರ್ಪಾಟು. ತೊಂದರೆಯೂ ಇತ್ತು. ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿದ್ದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿ ನಿಂತಲ್ಲೇ ತಿರುಗುವ ಹಾಗಿರಲಿಲ್ಲ. ಇಕ್ಕಟ್ಟಾದ ನದಿಯಲ್ಲಿ ಇದನ್ನು ನಡೆಸಲು ಕಪ್ತಾನನಿಗೆ ಭರತ ಇಳಿತಗಳ ಗುಟ್ಟು ಗೊತ್ತಿರಬೇಕಿತ್ತು.

ಎರಡನೆಯ ಮಹಾಯುದ್ಧದ ನಂತರ ಡೀಸೆಲ್ ದೋಣಿಗಳು ಬಂದವು. ಅವಕ್ಕೆ ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವವನು ಬೇಡ, ಕಲ್ಲಿದ್ದಲು ಎತ್ತಿಹಾಕುವವನೂ ಬೇಡ. ಈ ಲೆಕ್ಕಾಚಾರದಲ್ಲಿ ಉಗಿ ಸೋತಿತು. ಕಿಂಗ್ಸ್‌ವೇರ್ ಕಾಸಲ್ 1965ರಲ್ಲಿ ಸೇವೆ ನಿಲ್ಲಿಸಿತು. ಅದರ ಜೊತೆಗಾರ ‘ಟಾಟ್ನೆಸ್ ಕಾಸಲ್’ ಗುಜರಿಗೆ ಸಾಗಿಸುವಾಗ ದಾರಿಯಲ್ಲೇ ಕಡಲಿನಲ್ಲಿ ಮುಳುಗಿತು. ‘ಕಾಂಪ್ಟನ್ ಕಾಸಲ್’ ದಡ ಸೇರಿ ಉಪಾಹಾರ ಗೃಹವಾಯಿತು.

ಕಿಂಗ್ಸ್‌ವೇರ್ ಕಾಸಲನ್ನು ಉಳಿಸಿದ್ದು ಅದರ ಸಣ್ಣತನ. ಪ್ಯಾಡಲ್ ಸ್ಟೀಮರುಗಳ ಸಂರಕ್ಷಣೆಗೆಂದು 1959ರಲ್ಲಿ ಹುಟ್ಟಿದ್ದ ಸಂಘವೊಂದು 1967ರಲ್ಲಿ ಅದನ್ನು 600 ಪೌಂಡಿಗೆ ಕೊಂಡಿತು. ದೊಡ್ಡ ಹಡಗು ಆ ಸಂಘದ ಕೈಗೆ ಎಟುಕುವಂತಿರಲಿಲ್ಲ. ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಕೆಲ ವರ್ಷ ವೈಟ್ ದ್ವೀಪದಲ್ಲಿ ತುಕ್ಕು ಹಿಡಿಯುತ್ತಿದ್ದ ಹಡಗನ್ನು 1971ರಲ್ಲಿ ಕೆಂಟ್‌ನ ಮೆಡ್‌ವೇ ನದಿಗೆ ಎಳೆದೊಯ್ದರು. ಅಲ್ಲಿ ಸ್ವಯಂಸೇವಕರು ತಮ್ಮ ಬಿಡುವಿನ ದಿನಗಳನ್ನು ಇದಕ್ಕೇ ಸುರಿದರು. ತುಕ್ಕು ಕೆರೆಯುವುದು, ತಗಡು ಬದಲಿಸುವುದು, ಯಂತ್ರ ಬಿಚ್ಚಿ ಜೋಡಿಸುವುದು ಒಂದು ದಶಕಕ್ಕೂ ಮೀರಿ ನಡೆಯಿತು. 1983ರಲ್ಲಿ ಮತ್ತೆ ಉಗಿಯೆದ್ದಿತು. 1985ರಲ್ಲಿ ಪ್ರಯಾಣಿಕರ ಸೇವೆ ಪೂರ್ಣಪ್ರಮಾಣದಲ್ಲಿ ಶುರುವಾಯಿತು.

ಇದನ್ನು ಮ್ಯೂಸಿಯಮ್ಮಿನ ವಸ್ತುವಾಗಿಸದೆ ಟಿಕೆಟ್ ಕೊಟ್ಟು ಓಡಿಸಿದ್ದೇ ಸಂಘದವರ ಜಾಣತನ. ಯಂತ್ರ ನಿಂತರೆ ಜಂಗು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಲೆಗೆ ಕಲ್ಲಿದ್ದಲನ್ನು ಹದವಾಗಿ ಹರಡುವ, ಒತ್ತಡ ಏರದಂತೆ, ಇಳಿಯದಂತೆ ಕಾಯುವ ಕೈಚಳಕ ಓಡುವ ಹಡಗಿನಲ್ಲಿ ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟಲು ಸಾಧ್ಯ.

ಮೆಡ್‌ವೇ ನದಿಯಲ್ಲಿ ಅದು 2012ರವರೆಗೆ ಓಡಿತು. ಅದೇ ವರ್ಷದ ಕೊನೆಗೆ ಡಾರ್ಟ್‌ಗೆ ಮರಳಿ, 2013ರಲ್ಲಿ ಅಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಹುಟ್ಟಿದೂರಿನಲ್ಲಿ ಸಂಭ್ರಮ, ಆದರೆ ಸುಮಾರು ಮೂರು ದಶಕ ಅದನ್ನು ಓಡಿಸಿ ಸಾಕಿದ ಮೆಡ್‌ವೇ ದಡದವರಿಗೆ ತಮ್ಮದೊಂದು ಹಡಗು ಇಲ್ಲವಾಯಿತು.