ಮನೆ ಎಲ್ಲಿ ಮಾಡಣ: ಸಾಗರವೋ, ತೀರ್ಥಹಳ್ಳಿಯೋ, ಹೊಸನಗರವೋ?

ಹೊಸನಗರ ತಾಲ್ಲೂಕು ನಗರ ಹೋಬಳಿಯ ಒಳಗಿನ ಒಂದು ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಎರಡು ಎಕರೆ ಅಡಿಕೆ ತೋಟ, ಮಂಡಿನೋವಿನ ಅತ್ತೆ, ಎಸ್ಸೆಸ್ಸೆಲ್ಸಿ ಪಾಸಾದ ಮಗಳು. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಫಸಲು ಕೈಕೊಟ್ಟಿದೆ. ಮಗಳನ್ನು ಪಿಯುಸಿಗೆ ಹಾಕಬೇಕು, ಹಳ್ಳಿಯಿಂದ ದಿನಾ ಹೋಗಿಬರುವುದು ಆಗದ ಮಾತು. ಪೇಟೆಯಲ್ಲಿ ಬಾಡಿಗೆ ಮನೆ ಮಾಡುವುದು ಅಂತ ತೀರ್ಮಾನವಾಯಿತು. ಯಾವ ಪೇಟೆ? ಅಲ್ಲಿಗೆ ಜಗಳ ಶುರು.

ಅಕ್ಕ ಫೋನ್ ಮಾಡಿದಳು. 'ನೀನು ಪೇಪರಿನವನು, ನಾಲ್ಕು ಊರು ತಿರುಗಿದವನು. ಎಲ್ಲಿ ಮನೆ ಮಾಡಣ, ಹೇಳು.'

ಈ ಪ್ರಶ್ನೆ ನಮ್ಮ ಕಡೆಗೆ ಹೊಸದಲ್ಲ ಮಾರಾಯ್ರೇ. ಕೆಳದಿ ಅರಸರೇ ಒಂದು ಊರಲ್ಲಿ ನಿಲ್ಲಲಿಲ್ಲ. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಬಿಜಾಪುರದವರ ದಾಳಿಯಾದ ಮೇಲೆ ಬಿದನೂರು. ಆ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದ. ಅದೇ ಇವತ್ತಿನ ನಗರ. ಕೊನೆಗೆ ತಾಲ್ಲೂಕು ಕಚೇರಿಯೂ ಅಲ್ಲಿ ಉಳಿಯದೆ ಕಲ್ಲೂರುಕಟ್ಟೆಗೆ ಬಂತು, ಕಲ್ಲೂರುಕಟ್ಟೆ ಹೊಸನಗರವಾಯಿತು. ಅರಸರಿಗೇ ಬಗೆಹರಿಯದ್ದು ನಮ್ಮಕ್ಕನಿಗೆ ಬಗೆಹರಿಯುತ್ತದಾ?

ಹುಡುಗಿಯ ವೋಟು ಸಾಗರಕ್ಕೆ. ತಪ್ಪಲ್ಲ. 2011ರ ಜನಗಣತಿಗೇ ಐವತ್ತು ಸಾವಿರ ದಾಟಿದ ಊರು, ನಗರಸಭೆ ಉಂಟು, ಉಪವಿಭಾಗಾಧಿಕಾರಿ ಕಚೇರಿ ಉಂಟು. ಹೊಸನಗರದವರ ಜಮೀನು ತಕರಾರು ತಹಶೀಲ್ದಾರರ ಮೇಜು ದಾಟಿದರೆ ಬಂದು ಬೀಳುವುದು ಸಾಗರಕ್ಕೇ. ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರು. ಸರ್ಕಾರಿ ಬಸ್ಸಿನ ಡಿಪೋ ಉಂಟು. ಇದು ಸಣ್ಣ ಮಾತಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾಯಿತಲ್ಲ, ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಮಲೆನಾಡಿನ ಒಳದಾರಿಗಳಲ್ಲಿ ಆಧಾರ್ ಕಾರ್ಡು ಹಿಡಿದು ನಿಂತವರು ಕಾಸು ಕೊಟ್ಟೇ ಹತ್ತಬೇಕು.

ಸಾಗರದ ಬಸ್ ನಿಲ್ದಾಣದ ಹತ್ತಿರ ಒಬ್ಬ ಜಿನಸಿ ಅಂಗಡಿಯವರು ನನಗೊಂದು ಗುಟ್ಟು ಹೇಳಿದರು. 'ಊರು ನೋಡಬೇಕಾದ್ರೆ ಬೆಳಿಗ್ಗೆ ಬರಬೇಡಿ, ರಾತ್ರಿ ಎಂಟಕ್ಕೆ ಬನ್ನಿ. ಎಷ್ಟು ಬಾಗಿಲು ತೆಗೆದಿದೆ ಎಣಿಸಿ.' ಎಣಿಸಿದೆ. ಸಾಗರದಲ್ಲಿ ಎಂಟೂವರೆಗೂ ಮೆಡಿಕಲ್ ಶಾಪು, ಬೇಕರಿ, ಹಣ್ಣಿನ ಗಾಡಿ ಎಲ್ಲ ಇದ್ದವು. ಹೊಸನಗರದಲ್ಲಿ ಕೊನೆ ಬಸ್ಸುಗಳು ಹೊರಟದ್ದೇ ತಡ, ಶಟರ್ ಎಳೆಯುವ ಸದ್ದು ಸಾಲಾಗಿ ಕೇಳಿಸಿತು. ಬಸ್ಸಿಗೆ ಕಾಯುವವನೇ ಇಲ್ಲದ ಮೇಲೆ ವ್ಯಾಪಾರ ಯಾರಿಗೆ?

ತೀರ್ಥಹಳ್ಳಿ ಅತ್ತೆಯವರ ಆಯ್ಕೆ. ತುಂಗಾ ಸ್ನಾನ, ಎಳ್ಳಮಾವಾಸ್ಯೆ ಜಾತ್ರೆ, ಆಗುಂಬೆ ಇಳಿದರೆ ಮಣಿಪಾಲದ ಆಸ್ಪತ್ರೆ. ಒಳ್ಳೇ ಊರೇ. ಆದರೆ ರೈಲಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿ ಯಾವಾಗ ಭಾರೀ ವಾಹನಕ್ಕೆ ಬಂದ್ ಅನ್ನುತ್ತಾರೋ ಗೊತ್ತಿಲ್ಲ. ರಿಪ್ಪನ್‌ಪೇಟೆಯ ಹೆಸರೂ ಬಂತು. ವೈಸ್‌ರಾಯ್ ರಿಪ್ಪನ್ ಸಾಹೇಬನ ಹೆಸರಿಟ್ಟುಕೊಂಡ ಊರು, ನಾಲ್ಕು ದಾರಿ ಕೂಡುವ ಸರ್ಕಲ್ಲು, ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು. ಅಂಗಡಿ ಇಡುವುದಾದರೆ ನಾನು ಅಲ್ಲಿಗೇ ಅನ್ನುತ್ತಿದ್ದೆ. ಭಾವ ಅಂಗಡಿ ಇಡುವ ಪೈಕಿ ಅಲ್ಲ.

ನಾನು ಸಾಗರ ಅಂದೆ. ಯಾಕಂದರೆ ನನ್ನ ಹೊಟ್ಟೆಯೊಳಗೆ ಒಂದು ಹಳೇ ಸಂಕಟ ಉಂಟು. ನಾನು ಪಿಯುಸಿ ಬಿಟ್ಟದ್ದು ದಡ್ಡತನಕ್ಕಲ್ಲ (ಸ್ವಲ್ಪ ಅದೂ ಇತ್ತು), ಬಸ್ಸಿಗೆ. ಕಾಲೇಜಿನ ಕೊನೇ ಪೀರಿಯಡ್ಡು ನಾಲ್ಕೂವರೆಗೆ ಬಿಡುತ್ತಿತ್ತು, ನಮ್ಮೂರ ಕೊನೇ ಬಸ್ಸು ನಾಲ್ಕೂಕಾಲಿಗೆ ಹೊರಡುತ್ತಿತ್ತು. ಕೊನೇ ಪೀರಿಯಡ್ಡು ಭೌತಶಾಸ್ತ್ರ. ವರ್ಷವಿಡೀ ಚಕ್ಕರ್. ಹಾಜರಿ ಸಾಲದು ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಹದಿನೈದು ನಿಮಿಷ ಬಸ್ಸು ನಿಂತಿದ್ದರೆ ನಾನು ಎಂಜಿನಿಯರ್ ಆಗುತ್ತಿದ್ದೆ ಅಂತ ಹೇಳುವುದಿಲ್ಲ. ಪರೀಕ್ಷೆ ಬರೆದು ಫೇಲಾದರೂ ಆಗುತ್ತಿದ್ದೆ.

ತುಮರಿ ಕಡೆಯವರನ್ನು ಕೇಳಿ ಈ ಕಷ್ಟ. ಲಿಂಗನಮಕ್ಕಿ ಹಿನ್ನೀರಿನ ಆಚೆ ಇದ್ದವರಿಗೆ ಸಂಜೆ ಲಾಂಚ್ ನಿಂತ ಮೇಲೆ ಸಾಗರವೂ ಒಂದೇ, ಲಂಡನ್ನೂ ಒಂದೇ. ಮಕ್ಕಳ ಓದಿಗೆ ಅಂತ ಸಾಗರದಲ್ಲಿ ರೂಮು ಮಾಡಿ, ಒಂದೇ ಸಂಸಾರಕ್ಕೆ ಎರಡು ಒಲೆ ಹಚ್ಚಿದವರು ಎಷ್ಟೋ ಜನ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಅಕ್ಕ ಎಲ್ಲ ಕೇಳಿಸಿಕೊಂಡಳು. 'ಎರಡು ಒಲೆ ಅಂದ್ಯಲ್ಲ, ಅದೇ ನನಗೆ ಬೇಡ' ಅಂದಳು. 'ಸಾಗರಕ್ಕೆ ಹೋದ್ರೆ ನಿಮ್ ಭಾವ ತೋಟದಾಗೆ ಒಬ್ರೇ. ಅಷ್ಟು ದೂರ ಮಳೆಯಾಗೆ ದಿನಾ ಬೈಕಲ್ಲಿ ಬರಕ್ಕೆ ಆಗ್ತದಾ? ಔಷಧಿ ಹೊಡೆಯೋ ದಿನ ಊಟ ಯಾರು ಹಾಕೋರು? ಹೊಸನಗರ ಆದ್ರೆ ಕತ್ತಲಾಗೋದ್ರೊಳಗೆ ಮನೆಗೆ ಬರ್ತಾರೆ. ಅಲ್ಲೂ ಪಿಯು ಕಾಲೇಜು ಉಂಟು. ಹುಡುಗಿಗೆ ಬಸ್ಸು ಎಂತಕ್ಕೆ? ಕೊನೇ ಪೀರಿಯಡ್ಡು ಮುಗಿಸ್ಕಂಡು ನಡ್ಕಂಡ್ ಬರ್ಲಿ.'

ನಾನು ಬಸ್ಸುಗಳ ವೇಳಾಪಟ್ಟಿ ಬರೆದುಕೊಂಡಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಮನೆ ಸಿಕ್ಕಿದೆ. ಎರಡು ರೂಮು, ಬಚ್ಚಲು ಹೊರಗೆ, ಸಾಗರದಲ್ಲಿ ಕೇಳಿದ ಬಾಡಿಗೆಯಲ್ಲಿ ಅರ್ಧಕ್ಕೆ ಹತ್ತಿರ. ಅತ್ತೆ ತುಂಗೆಯನ್ನು ಮರೆತಿಲ್ಲ, ಬಾಲೆಬರೆ ಘಾಟಿ ಇಳಿದು ಕುಂದಾಪುರದ ಮೇಲೆ ಮಣಿಪಾಲಕ್ಕೆ ಹೋಗಬಹುದು ಅಂತ ಸಮಾಧಾನ ಮಾಡಿದ್ದೇವೆ. ಹುಡುಗಿ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಸಾಮಾನು ಇಳಿಸುವ ದಿನ ಜಡಿಮಳೆ, ಕರೆಂಟಿಲ್ಲ. ಕತ್ತಲಲ್ಲೇ ಪಾತ್ರೆಮೂಟೆ ಒಳಗಿಟ್ಟು ಕಾಲೇಜಿಗೆ ಎಷ್ಟು ಹೆಜ್ಜೆ ಅಂತ ನೋಡಿಬರಲು ಕೊಡೆ ಹಿಡಿದು ಹೊರಟಳು. ವಾಪಸ್ ಬಂದು, 'ಹನ್ನೊಂದು ನಿಮಿಷ ಮಾಮ' ಅಂದಳು. ನನಗೆ ಶಿವಮೊಗ್ಗದ ಬಸ್ಸು ಅಷ್ಟೊತ್ತಿಗೆ ಹೋಗಿಯಾಗಿತ್ತು. ಆ ರಾತ್ರಿ ಅಲ್ಲೇ ಉಳಿದೆ.